ಬಿಸಿಲ ನಾಡಿನ ಬೇಸಿಗೆ ಮತ್ತು ಮನೆಯ ಎಳೆಯ ಮಕ್ಕಳು

ಕಲಬುರಗಿ ಜಿಲ್ಲೆಯ ಜನ ಬಿಸಿಲಿಗೆ ಹೊಸಬರಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಭಾಗದಲ್ಲಿ ಶಿವರಾತ್ರಿ ಕಳೆದು ಹೋಳಿ ಹುಣ್ಣಿಮೆ ಸಮೀಪಿಸಿದಂತೆ ಕಾವು ಏರತೊಡಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶವು 42 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ಸಾಮಾನ್ಯ ಸಂಗತಿ. ಆ ಎರಡು ತಿಂಗಳು ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳನ್ನು ಬೆಳಗಿನ 8 ಗಂಟೆಗೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಪದ್ಧತಿಯೇ ಬೆಳೆದುಬಂದಿದೆ. ದೊಡ್ಡವರ ಕಾಯಕದ ವೇಳೆಯನ್ನೇ ಬದಲಿಸುವಷ್ಟು ಪ್ರಖರವಾದ ಬಿಸಿಲು, ತೊಟ್ಟಿಲಲ್ಲಿ ಮಲಗಿದ ಕೂಸಿನ ದಿನಚರಿಯನ್ನೂ ಬದಲಿಸಬೇಕಲ್ಲವೇ? ಆದರೆ ಅನೇಕ ಮನೆಗಳಲ್ಲಿ ಮಾಘ ಮಾಸದಲ್ಲಿ ಮಗುವನ್ನು ಹೇಗೆ ನೋಡಿಕೊಳ್ಳುತ್ತಾರೆಯೋ ವೈಶಾಖದಲ್ಲಿಯೂ ಹಾಗೆಯೇ ನೋಡಿಕೊಳ್ಳುತ್ತಾರೆ. ಬೇಸಿಗೆಯಲ್ಲಿ ಎಳೆಯ ಮಕ್ಕಳಿಗೆ ಬರುವ ತೊಂದರೆಗಳ ಬಹುಪಾಲು ಮನೆಯೊಳಗೇ ಹುಟ್ಟುವಂಥವು; ಅವುಗಳ ನಿವಾರಣೆಯೂ ಬಹುಮಟ್ಟಿಗೆ ಮನೆಯವರ ಕೈಯಲ್ಲಿಯೇ ಇದೆ. ಅದನ್ನು ಕ್ರಮವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ಮಗುವಿನ ದೇಹಕ್ಕೆ ಕಾವು ಏಕೆ ಹೆಚ್ಚು ತಾಗುತ್ತದೆ?

ಮಗುವೆಂದರೆ ದೊಡ್ಡವರ ಸಣ್ಣ ಪ್ರತಿರೂಪ ಎಂದು ನಾವು ಭಾವಿಸುತ್ತೇವೆ. ಶರೀರಧರ್ಮದ ದೃಷ್ಟಿಯಿಂದ ಇದು ಸರಿಯಲ್ಲ. ತೂಕಕ್ಕೆ ಹೋಲಿಸಿದರೆ ಕೂಸಿನ ಚರ್ಮದ ವಿಸ್ತಾರವು ದೊಡ್ಡವರಿಗಿಂತ ಎರಡು ಪಟ್ಟಿಗೂ ಅಧಿಕ. ಸುತ್ತಲಿನ ಗಾಳಿಯು ದೇಹಕ್ಕಿಂತ ತಂಪಾಗಿದ್ದಾಗ ಈ ಚರ್ಮದ ಮೂಲಕ ದೇಹದ ಶಾಖ ಬೇಗನೆ ಹೊರಹೋಗುತ್ತದೆ. ಆದ್ದರಿಂದಲೇ ಚಳಿಗಾಲದಲ್ಲಿ ಕೂಸನ್ನು ಬೆಚ್ಚಗಿಡಬೇಕು. ಗಾಳಿಯ ಉಷ್ಣಾಂಶವು ದೇಹದ 37 ಡಿಗ್ರಿಯನ್ನು ಮೀರಿದಾಗ ವ್ಯವಹಾರ ತಿರುವುಮುರುವಾಗುತ್ತದೆ. ಅದೇ ಚರ್ಮವು ಹೊರಗಿನ ಶಾಖವನ್ನು ಒಳಗೆ ಸೆಳೆದುಕೊಳ್ಳುತ್ತದೆ. ಆಗ ದೇಹವನ್ನು ತಣಿಸಲು ಉಳಿಯುವ ಮುಖ್ಯ ಮಾರ್ಗವೆಂದರೆ ಬೆವರು. ಎಳೆಯ ಮಕ್ಕಳು ದೊಡ್ಡವರಷ್ಟು ಚೆನ್ನಾಗಿ ಬೆವರಲಾರರು.

ಎರಡನೆಯ ಕಾರಣ ನೀರಿಗೆ ಸಂಬಂಧಿಸಿದ್ದು. 60 ಕಿಲೋ ತೂಕದ ವ್ಯಕ್ತಿಯ ದೇಹದಿಂದ ಒಂದು ಲೀಟರ್ ನೀರು ಹೊರಹೋದರೆ ಅದು ಅವನ ತೂಕದ ನೂರರಲ್ಲಿ ಎರಡು ಪಾಲೂ ಆಗದು. ಒಂದು ತಂಬಿಗೆ ನೀರು ಕುಡಿದು ಸುಧಾರಿಸಿಕೊಳ್ಳುತ್ತಾನೆ. 10 ಕಿಲೋ ತೂಕದ, ಸುಮಾರು ಒಂದು ವರ್ಷದ ಮಗುವಿನ ದೇಹದಿಂದ ಅದೇ ಒಂದು ಲೀಟರ್ ಹೋದರೆ ಅದು ತೂಕದ ಹತ್ತನೆಯ ಒಂದು ಪಾಲು. ಇದನ್ನು ವೈದ್ಯರು ತೀವ್ರ ನಿರ್ಜಲೀಕರಣವೆಂದು ಪರಿಗಣಿಸುತ್ತಾರೆ. ಇದು ಪ್ರಾಣಾಪಾಯದ ಹಂತ.

ಮೂರನೆಯ ಕಾರಣ ಎಲ್ಲಕ್ಕೂ ಸರಳವಾದದ್ದು. ಕೂಸು ತನಗೆ ನೀರಡಿಕೆಯಾಗಿದೆ ಎಂದು ಹೇಳಲಾರದು, ಹೊದಿಕೆಯನ್ನು ತೆಗೆದೊಗೆಯಲಾರದು, ನೆರಳಿಗೆ ಸರಿಯಲಾರದು. ಅದರ ಪರವಾಗಿ ಇವೆಲ್ಲವನ್ನೂ ಮನೆಯವರೇ ಅರಿತು ಮಾಡಬೇಕು.

ಚಾವಣಿಯ ಕಲ್ಲು, ನೆಲದ ಕಲ್ಲು

ನಮ್ಮ ಭಾಗದ ಅನೇಕ ಮನೆಗಳು ಸುಣ್ಣದ ಕಲ್ಲಿನವು. ಶಹಾಬಾದ ಫರಸಿ ನೆಲಕ್ಕೂ ಇದೆ, ಚಾವಣಿಗೂ ಇದೆ. ಕಲ್ಲಿನ ಗುಣವೆಂದರೆ ನಿಧಾನವಾಗಿ ಕಾಯ್ದು ನಿಧಾನವಾಗಿ ಆರುವುದು. ದಿನವಿಡೀ ಬಿಸಿಲುಂಡ ಚಾವಣಿಯ ಕಲ್ಲು ಸೂರ್ಯ ಮುಳುಗಿದ ಮೇಲೆಯೂ ಗಂಟೆಗಟ್ಟಲೆ ತನ್ನ ಕಾವನ್ನು ಕೋಣೆಯೊಳಗೆ ಬಿಡುತ್ತಿರುತ್ತದೆ. ಹೊರಗೆ ಗಾಳಿ ತಂಪಾದರೂ ಒಳಗೆ ಮಲಗಿದ ಮಗು ಬೆವತು ಅಳುವುದಕ್ಕೆ ಇದೇ ಕಾರಣ. ತಗಡಿನ ಚಾವಣಿಯ ಮನೆಗಳಲ್ಲಿ ಇದಕ್ಕೆ ವಿರುದ್ಧವಾಗಿ ನಡುಹಗಲೇ ಅತ್ಯಂತ ಕಠಿಣ ವೇಳೆ. ರಾತ್ರಿ ಅಲ್ಲಿ ಬೇಗ ಆರುತ್ತದೆ. ಆದ್ದರಿಂದ ಮಗು ಎಲ್ಲಿ ಯಾವ ವೇಳೆಯಲ್ಲಿ ಮಲಗಬೇಕೆಂಬುದನ್ನು ಮನೆಯ ಚಾವಣಿಯನ್ನು ನೋಡಿ ನಿರ್ಧರಿಸುವುದು ಲೇಸು.

ಚಾವಣಿಯ ಮೇಲ್ಭಾಗಕ್ಕೆ ಬೇಸಿಗೆಯ ಆರಂಭದಲ್ಲಿಯೇ ದಪ್ಪಗೆ ಬಿಳಿ ಸುಣ್ಣ ಬಳಿದರೆ ಬಿಸಿಲಿನ ಬಹುಪಾಲು ಹಿಂದಿರುಗಿ ಹೋಗುತ್ತದೆ, ಒಳಗಿನ ಕಾವು ತಗ್ಗುತ್ತದೆ. ಸುಣ್ಣದ ಕಲ್ಲಿನ ನೆಲದಲ್ಲಿರುವ ನಮಗೆ ಇದು ಹೆಚ್ಚಿನ ವೆಚ್ಚದ ಕೆಲಸವಲ್ಲ. ಬಿಸಿಲು ಬೀಳುವ ಕಿಟಕಿಗೆ ಹಗಲಿನಲ್ಲಿ ಒದ್ದೆ ಗೋಣಿತಟ್ಟು ಇಲ್ಲವೆ ದಪ್ಪ ಪರದೆ ಕಟ್ಟಬೇಕು. ಸಂಜೆ ಹೊರಗಿನ ಗಾಳಿ ತಂಪಾದೊಡನೆ ಕಿಟಕಿ ಬಾಗಿಲುಗಳನ್ನು ತೆರೆಯಬೇಕು. ಹಗಲಿನಲ್ಲಿ ನೆಲದ ಫರಸಿಯೇ ನಮಗೆ ಉಪಕಾರಿ. ನೆರಳಿನ ಕೋಣೆಯ ನೆಲವನ್ನು ಒರೆಸಿ, ಒಂದು ತೆಳುವಾದ ಅರಿವೆ ಹಾಸಿ ಅದರ ಮೇಲೆ ಮಗುವನ್ನು ಮಲಗಿಸಿದರೆ ದಪ್ಪ ಗಾದಿಗಿಂತ ಎಷ್ಟೋ ಹಿತವಾಗಿರುತ್ತದೆ.

ಫ್ಯಾನಿನ ಬಗ್ಗೆ ಒಂದು ಮಾತು. ಕೋಣೆಯ ಗಾಳಿಯೇ 40 ಡಿಗ್ರಿ ದಾಟಿದಾಗ ಫ್ಯಾನು ಬಿಸಿಗಾಳಿಯನ್ನೇ ಮೈಮೇಲೆ ಬೀಸುತ್ತದೆ, ಅದರಿಂದ ತಂಪಾಗದು. ಮಗುವಿನ ಮೈಯನ್ನು ಒದ್ದೆ ಅರಿವೆಯಿಂದ ಆಗಾಗ ಒರೆಸಿ, ನಂತರ ಗಾಳಿ ಬೀಸಿದರೆ ನೀರು ಆವಿಯಾಗುವಾಗ ಚರ್ಮದ ಶಾಖವನ್ನು ಕೊಂಡೊಯ್ಯುತ್ತದೆ. ರಾತ್ರಿ ಮಾಳಿಗೆಯ ಮೇಲೆ ಮಲಗುವ ರೂಢಿಯುಳ್ಳವರು ಮಾಳಿಗೆಗೆ ಕೈಪಿಡಿ ಗೋಡೆ ಇದ್ದರೆ ಮಾತ್ರ ಮಕ್ಕಳನ್ನು ಅಲ್ಲಿ ಮಲಗಿಸಬೇಕು. ಹಾಸಿಗೆಯನ್ನು ಝಾಡಿಸಿ ಹಾಸಿ ಸೊಳ್ಳೆಪರದೆ ಕಟ್ಟಬೇಕು. ಕಲ್ಲಿನ ಸಂದುಗಳಲ್ಲಿ ಚೇಳು ಅಡಗಿರುವುದುಂಟು, ಚೇಳಿನ ವಿಷ ಸಣ್ಣ ಮಕ್ಕಳ ಹೃದಯಕ್ಕೆ ಅಪಾಯಕರ. ಚೇಳು ಕಡಿದ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಬಾಣಂತಿಯ ಕೋಣೆ

ಬೇಸಿಗೆಯಲ್ಲಿ ಹೆರಿಗೆಯಾದ ಮನೆಯಲ್ಲಿ ಹಿರಿಯರು ಹೆಚ್ಚು ಎಚ್ಚರ ವಹಿಸಬೇಕು. ಬಾಣಂತಿಗೆ ಗಾಳಿ ತಾಗಬಾರದೆಂದು ಕಿಟಕಿ ಮುಚ್ಚುವುದು, ಕೆಂಡದ ಮೇಲೆ ಹೊಗೆ ಹಾಕುವುದು, ಕೂಸಿಗೆ ಎರೆದು ಕುಲಾವಿ ತೊಡಿಸಿ ಎರಡು ಮೂರು ಅರಿವೆಗಳಲ್ಲಿ ಸುತ್ತುವುದು, ತಾಯಿಗೆ ನೀರನ್ನು ಅಳೆದು ಕೊಡುವುದು ಇವೆಲ್ಲ ಪ್ರೀತಿಯಿಂದಲೇ ಬಂದ ಆಚಾರಗಳು. ತಿಂಗಳು ತುಂಬದೆ ಹುಟ್ಟಿದ, ತೂಕ ಕಡಿಮೆಯಿರುವ ಕೂಸಿಗೆ ಬೆಚ್ಚನೆಯ ಆರೈಕೆ ಅವಶ್ಯವೆಂಬುದೂ ನಿಜ. ಆದರೆ ಬೆಚ್ಚಗೆ ಇರುವುದು ಬೇರೆ, ಕುದಿಯುವುದು ಬೇರೆ. ಮೇ ತಿಂಗಳ ನಡುಹಗಲಿನಲ್ಲಿ ಮುಚ್ಚಿದ ಕೋಣೆಯೇ ಕಾವಲಿಯಂತಿರುತ್ತದೆ. ಅಲ್ಲಿ ಅರಿವೆಯಲ್ಲಿ ಸುತ್ತಿದ ಕೂಸಿನ ಮೈ ಕಾಯ್ದು ಜ್ವರದಂತಾಗುತ್ತದೆ.

ಕೂಸಿನ ಅಂಗೈ, ಅಂಗಾಲುಗಳನ್ನು ಮುಟ್ಟಿ ನೋಡಿ ತಂಪು–ಬಿಸಿ ನಿರ್ಣಯಿಸಬಾರದು. ಎದೆ, ಹೊಟ್ಟೆ ಅಥವಾ ಕತ್ತಿನ ಹಿಂಭಾಗವನ್ನು ಮುಟ್ಟಿ ನೋಡಬೇಕು. ಅಲ್ಲಿ ಬೆವರಿದ್ದರೆ, ಬಿಸಿ ಎನಿಸಿದರೆ ಒಂದು ಪದರ ಅರಿವೆ ತೆಗೆಯಬೇಕು. ಬೇಸಿಗೆಯಲ್ಲಿ ಮನೆಯೊಳಗೆ ಕುಲಾವಿಯ ಅಗತ್ಯವಿಲ್ಲ, ಏಕೆಂದರೆ ಕೂಸಿನ ದೇಹದ ಶಾಖದ ದೊಡ್ಡ ಪಾಲು ತಲೆಯ ಮೂಲಕವೇ ಹೊರಹೋಗುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡವಿಡುವುದು ಯಾವ ಋತುವಿನಲ್ಲಿಯೂ ಸಲ್ಲದು. ಹೊಗೆ ಕೂಸಿನ ಎಳೆಯ ಪುಪ್ಪುಸಗಳನ್ನು ಕೆಡಿಸುತ್ತದೆ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ ತಾಯಿ, ಮಗು ಇಬ್ಬರ ಪ್ರಾಣಕ್ಕೂ ಎರವಾಗಬಲ್ಲದು.

ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿಯನ್ನು ಬೇಸಿಗೆಯಲ್ಲಂತೂ ಬಿಡಲೇಬೇಕು. ಹಾಲುಣಿಸುವ ತಾಯಿಗೆ ನೀರಡಿಕೆಯಾದಾಗಲೆಲ್ಲ ನೀರು, ಮಜ್ಜಿಗೆ, ಗಂಜಿ ದೊರೆಯಬೇಕು. ಎರಡು ತಿಂಗಳೊಳಗಿನ ಕೂಸಿನ ಮೈ 37.5 ಡಿಗ್ರಿಗಿಂತ ಹೆಚ್ಚು ಬಿಸಿಯಿದ್ದರೆ ಬಿಸಿಲಿನ ಕಾವೆಂದು ಮನೆಯಲ್ಲಿಯೇ ತೀರ್ಮಾನಿಸದೆ ವೈದ್ಯರಿಗೆ ತೋರಿಸಬೇಕು. ಅಷ್ಟು ಎಳೆಯ ಕೂಸುಗಳಲ್ಲಿ ಜ್ವರವು ಗಂಭೀರ ಸೋಂಕಿನ ಏಕೈಕ ಸೂಚನೆಯಾಗಿರಬಹುದು.

ಹಾಲು, ನೀರು, ಊಟ

ಇಷ್ಟು ಬಿಸಿಲಿನಲ್ಲಿ ಮೂರು ತಿಂಗಳ ಕೂಸಿಗೆ ನಾಲ್ಕು ಹನಿ ನೀರಾದರೂ ಬೇಡವೇ ಎಂದು ಅಜ್ಜಿಯರು ಕೇಳುತ್ತಾರೆ. ಬೇಡ. ತಾಯಿಯ ಹಾಲಿನ ನೂರರಲ್ಲಿ ಸುಮಾರು 88 ಪಾಲು ನೀರೇ ಇದೆ. ಬಿಸಿಲು ಹೆಚ್ಚಿದಂತೆ ಕೂಸು ಹೆಚ್ಚು ಸಲ ಹಾಲು ಬೇಡುತ್ತದೆ, ಬೇಡಿದಾಗಲೆಲ್ಲ ಕುಡಿಸಿದರೆ ನೀರಿನ ಅಗತ್ಯ ಪೂರ್ಣವಾಗಿ ನೀಗುತ್ತದೆ. ಹೊರಗಿನ ನೀರು ಕುಡಿಸಿದರೆ ಪುಟ್ಟ ಹೊಟ್ಟೆ ಅದರಿಂದಲೇ ತುಂಬಿ ಹಾಲು ಕುಡಿಯುವುದು ತಗ್ಗುತ್ತದೆ. ನೀರಿನೊಡನೆ ರೋಗಾಣುಗಳೂ ಒಳಸೇರುತ್ತವೆ. ದಿನಕ್ಕೆ ಆರು ಅಥವಾ ಅದಕ್ಕೂ ಹೆಚ್ಚು ಸಲ ತಿಳಿಬಣ್ಣದ ಮೂತ್ರ ಮಾಡುವ ಕೂಸಿಗೆ ಹಾಲು ಸಾಕಾಗುತ್ತಿದೆ ಎಂದು ತಿಳಿಯಬೇಕು. ಆರು ತಿಂಗಳು ತುಂಬುವವರೆಗೆ ಈ ನಿಯಮಕ್ಕೆ ಬಿಸಿಲಿನ ಕಾರಣದಿಂದ ವಿನಾಯಿತಿಯಿಲ್ಲ.

ಆರು ತಿಂಗಳ ನಂತರ ಕುದಿಸಿ ಆರಿಸಿದ ನೀರನ್ನು ಬಟ್ಟಲು–ಚಮಚದಿಂದ ಆಗಾಗ ಕೊಡಬೇಕು. ಬಾಟಲಿಯ ರಬ್ಬರು ತೊಟ್ಟನ್ನು ಎಷ್ಟು ತೊಳೆದರೂ ಅದರ ಸಂದಿನಲ್ಲಿ ಹಾಲಿನ ಅಂಶ ಉಳಿದು, ಈ ಕಾವಿನಲ್ಲಿ ಬೇಗನೆ ಕೆಡುತ್ತದೆ. ಹಿಂದಿನವರು ಬಳಸುತ್ತಿದ್ದ ಒಳಲೆಯೇ ಇದಕ್ಕಿಂತ ಸುರಕ್ಷಿತ. ಊಟಕ್ಕೆ ನಮ್ಮ ಅಡುಗೆಮನೆಯಲ್ಲಿರುವ ಪದಾರ್ಥಗಳೇ ಸಾಕು: ಮೆತ್ತಗೆ ಬೇಯಿಸಿ ನುರಿದ ಅನ್ನ–ತೊಗರಿಬೇಳೆ ಅಥವಾ ಹೆಸರುಬೇಳೆ, ಒಂದು ಚಮಚ ತುಪ್ಪ ಇಲ್ಲವೆ ಎಣ್ಣೆ, ತಾಜಾ ಮೊಸರು, ಜೋಳದ ಗಂಜಿ, ಮಾಗಿದ ಬಾಳೆಹಣ್ಣು. ಬೇಸಿಗೆಯಲ್ಲಿ ಮಕ್ಕಳ ಹಸಿವು ತಗ್ಗುವುದು ಸಹಜ. ನಡುಹಗಲಿನಲ್ಲಿ ಬಲವಂತ ಮಾಡದೆ ಮುಂಜಾನೆ ಮತ್ತು ಸಂಜೆಯ ತಂಪಿನಲ್ಲಿ ಹೆಚ್ಚು ಉಣಿಸುವುದು ಉಚಿತ. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಟ್ಟು ಮಗುವಿಗೆ ಕೊಡಬಾರದು. ಬೆಳಗಿನ ಅನ್ನವನ್ನು ಸಂಜೆಗೆ ಉಳಿಸುವ ಮಿತವ್ಯಯ ಮಗುವಿನ ಪಾಲಿಗೆ ಬೇಡ. ಚಹಾ, ಬಣ್ಣದ ಶರಬತ್ತು, ಶೀಸೆಯ ತಂಪು ಪಾನೀಯಗಳು ನೀರಡಿಕೆಯನ್ನು ತಣಿಸಿದಂತೆ ತೋರಿದರೂ ಮಗುವಿಗೆ ಹಿತವಲ್ಲ. ಚಹಾ ಆಹಾರದಲ್ಲಿನ ಕಬ್ಬಿಣದ ಅಂಶವನ್ನು ರಕ್ತಕ್ಕೆ ಸೇರಗೊಡುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ ರಕ್ತಹೀನತೆ ಇದ್ದದ್ದು ಕಂಡುಬಂದಿದೆ ಎಂಬುದನ್ನು ಇಲ್ಲಿ ನೆನೆಯಬೇಕು.

ಹೋಳಿಯ ಬಳಿಕ ಜಾತ್ರೆ, ಮದುವೆಗಳ ಕಾಲ. ಅಲ್ಲಿಗೆ ಎಳೆಯ ಮಕ್ಕಳನ್ನು ಕರೆದೊಯ್ಯುವವರು ಮನೆಯ ನೀರನ್ನು ಜೊತೆಗೊಯ್ಯಬೇಕು, ಬೆಳಗಿನ 11ರಿಂದ ಸಂಜೆ 4 ಗಂಟೆಯವರೆಗಿನ ಪ್ರಯಾಣವನ್ನು ತಪ್ಪಿಸಬೇಕು, ಬೀದಿಯ ಬಣ್ಣದ ಐಸನ್ನು ದೂರವಿಡಬೇಕು. ನಿಲ್ಲಿಸಿದ ವಾಹನದೊಳಗೆ ಮಗುವನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬಾರದು. ಮುಚ್ಚಿದ ಗಾಜಿನೊಳಗೆ ಕೆಲವೇ ನಿಮಿಷಗಳಲ್ಲಿ ಕಾವು ಮಾರಕ ಮಟ್ಟಕ್ಕೇರುತ್ತದೆ.

ವಾಂತಿ–ಭೇದಿಯಾದಾಗ

ಬೇಸಿಗೆಯಲ್ಲಿ ನೀರು ಕಡಿಮೆಯಾಗಿ, ಇದ್ದ ನೀರೂ ಮಲಿನವಾಗುವುದರಿಂದ ಮಕ್ಕಳಲ್ಲಿ ವಾಂತಿ–ಭೇದಿ ಹೆಚ್ಚುತ್ತದೆ. ಹಲ್ಲು ಬರುತ್ತಿವೆ, ಅದಕ್ಕೇ ಭೇದಿ ಎಂದು ಅನೇಕರು ಸುಮ್ಮನಿರುತ್ತಾರೆ. ಹಲ್ಲು ಮೂಡುವ ವಯಸ್ಸಿನಲ್ಲಿ ಮಗು ಅಂಬೆಗಾಲಿಟ್ಟು, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಭೇದಿಗೆ ಕಾರಣ ಆ ರೋಗಾಣುಗಳು. ಹೊಟ್ಟೆಗೆ ವಿಶ್ರಾಂತಿ ಬೇಕೆಂದು ಹಾಲು, ನೀರು, ಊಟ ನಿಲ್ಲಿಸುವುದು ಇನ್ನೂ ದೊಡ್ಡ ಅನಾಹುತ. ಭೇದಿಯಿಂದ ಮಗು ಸಾಯುವುದು ಬಹುತೇಕ ದೇಹದ ನೀರು ಮತ್ತು ಲವಣ ಬರಿದಾಗುವುದರಿಂದ. ಬರಿದಾಗುತ್ತಿರುವ ಕೊಡಕ್ಕೆ ನೀರು ತುಂಬುವುದನ್ನು ಯಾರಾದರೂ ನಿಲ್ಲಿಸುತ್ತಾರೆಯೇ?

ಇದಕ್ಕೆ ಪರಿಹಾರವಾದ ಓಆರ್‌ಎಸ್ ಪುಡಿಯ ಹಿಂದೆ ಒಂದು ಚರಿತ್ರೆಯಿದೆ. 1971ರಲ್ಲಿ ಬಾಂಗ್ಲಾದೇಶದ ವಿಮೋಚನಾ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಏರಿಸುವ ದ್ರಾವಣ ಸಾಕಷ್ಟು ದೊರೆಯದಿದ್ದಾಗ ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರರಲ್ಲಿ ಸುಮಾರು 30ರಷ್ಟಿದ್ದ ಸಾವು ಈ ಕ್ರಮದಿಂದ 4ಕ್ಕಿಂತ ಕೆಳಗಿಳಿಯಿತು. ಭಾರತ ಸರಕಾರವು 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಗೌರವವನ್ನು ಘೋಷಿಸಿತು. ಈ ದ್ರಾವಣದ ಗುಟ್ಟು ಸರಳವಾಗಿದೆ. ಭೇದಿಯಿಂದ ಕೆಟ್ಟ ಕರುಳು ಬರೀ ನೀರನ್ನು ಸರಿಯಾಗಿ ಹೀರಲಾರದು. ಆದರೆ ಗ್ಲೂಕೋಸ್ ಮತ್ತು ಉಪ್ಪು ತಕ್ಕ ಪ್ರಮಾಣದಲ್ಲಿ ಜೊತೆಗಿದ್ದರೆ ಕರುಳು ಅವೆರಡನ್ನೂ ಕೂಡಿ ಸೆಳೆದುಕೊಳ್ಳುತ್ತದೆ, ಅವುಗಳ ಹಿಂದೆ ನೀರೂ ಒಳಸೇರುತ್ತದೆ. ಪ್ರಮಾಣ ತಪ್ಪಿದರೆ ಫಲವೂ ತಪ್ಪುತ್ತದೆ.

ಆದ್ದರಿಂದ ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಮ್ಮೆಗೇ ಬೆರೆಸಬೇಕು. ಅರ್ಧ ಪೊಟ್ಟಣ, ಅಂದಾಜು ಚಮಚ ಸಲ್ಲದು. ಮೇಲೆ ಸಕ್ಕರೆ ಸೇರಿಸಬಾರದು. ಬೆರೆಸಿದ ದ್ರಾವಣವನ್ನು ಮುಚ್ಚಿಟ್ಟು 24 ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಬೇಕು. ಪ್ರತಿ ಸಲ ಭೇದಿಯಾದ ನಂತರ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200 ಮಿಲಿಲೀಟರ್ ಚಮಚದಿಂದ ನಿಧಾನವಾಗಿ ಕುಡಿಸಬೇಕು. ವಾಂತಿಯಾದರೆ ಹತ್ತು ನಿಮಿಷ ತಾಳಿ ಮತ್ತೆ ಇನ್ನೂ ನಿಧಾನವಾಗಿ ಕೊಡಬೇಕು. ಪೊಟ್ಟಣ ದೊರೆಯುವವರೆಗೆ ಒಂದು ಲೀಟರ್ ನೀರಿಗೆ ಆರು ಸಮತಟ್ಟು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಕೊಡಬಹುದು. ಅಂಗಡಿಯಲ್ಲಿ ಕಾಗದದ ಡಬ್ಬಿಗಳಲ್ಲಿ ಮಾರುವ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ. ಸಕ್ಕರೆ ಹೆಚ್ಚಿದ ಪಾನೀಯ ಭೇದಿಯನ್ನು ಹೆಚ್ಚಿಸುತ್ತದೆ.

ಇದರೊಡನೆ ಸತುವಿನ (ಜಿಂಕ್) ಮಾತ್ರೆಯನ್ನು 14 ದಿನ ಕೊಡಬೇಕು: ಎರಡರಿಂದ ಆರು ತಿಂಗಳವರೆಗೆ ದಿನಕ್ಕೆ 10 ಮಿಲಿಗ್ರಾಂ, ಆರು ತಿಂಗಳಿಂದ ಐದು ವರ್ಷದವರೆಗೆ 20 ಮಿಲಿಗ್ರಾಂ. ಭೇದಿ ನಿಂತ ಮೇಲೆಯೂ 14 ದಿನ ಪೂರ್ಣಗೊಳಿಸಬೇಕು. ಓಆರ್‌ಎಸ್ ಮತ್ತು ಸತುವಿನ ಮಾತ್ರೆಗಳು ಆಶಾ ಕಾರ್ಯಕರ್ತೆಯರಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಹಾಲು, ಊಟ ಎಂದಿನಂತೆ ನಡೆಯಬೇಕು. 6, 10 ಮತ್ತು 14ನೇ ವಾರಗಳಲ್ಲಿ ಹಾಕಿಸುವ ರೋಟಾವೈರಸ್ ಲಸಿಕೆಯು ಭೇದಿಯ ಒಂದು ಪ್ರಮುಖ ಕಾರಣವನ್ನು ತಡೆಯುತ್ತದೆ.

ಮಗುವಿನ ಕಣ್ಣು ಗುಳಿಬಿದ್ದಿದ್ದರೆ, ಅಳುವಾಗ ಕಣ್ಣೀರು ಬಾರದಿದ್ದರೆ, ಹೊಟ್ಟೆಯ ಚರ್ಮವನ್ನು ಹಿಡಿದೆತ್ತಿ ಬಿಟ್ಟಾಗ ನಿಧಾನವಾಗಿ ಹಿಂದಿರುಗಿದರೆ, ಆರು ಗಂಟೆ ಮೂತ್ರವಾಗದಿದ್ದರೆ, ಮಲದಲ್ಲಿ ರಕ್ತವಿದ್ದರೆ, ಮಗು ಕುಡಿಯಲಾರದಷ್ಟು ಮಂಕಾಗಿದ್ದರೆ ಆಸ್ಪತ್ರೆಗೆ ಹೊರಡಬೇಕು. ಕುಡಿಯಬಲ್ಲ ಮಗುವಿಗೆ ದಾರಿಯುದ್ದಕ್ಕೂ ಓಆರ್‌ಎಸ್ ಕುಡಿಸುತ್ತಲೇ ಇರಬೇಕು.

ಝಳ ಬಡಿದಾಗ

ಬಿಸಿಲಿನಲ್ಲಿ ಅಥವಾ ಕಾದ ಕೋಣೆಯಲ್ಲಿದ್ದ ಮಗುವಿನ ಮೈ ಸುಡುತ್ತಿದ್ದು, ಮಗು ಅಸಂಬದ್ಧವಾಗಿ ವರ್ತಿಸಿದರೆ, ತೂಕಡಿಸಿ ಎಚ್ಚರಗೊಳ್ಳದಿದ್ದರೆ, ಫಿಟ್ಸ್ ಬಂದರೆ ಅದು ಝಳ ಬಡಿದ ಲಕ್ಷಣ. ಇಲ್ಲಿ ಪ್ರತಿ ನಿಮಿಷವೂ ಅಮೂಲ್ಯ. ಮಗುವನ್ನು ನೆರಳಿಗೆ ತಂದು, ಅರಿವೆ ಕಳಚಿ, ಮೈಮೇಲೆಲ್ಲ ನೀರು ಸುರಿದು ಗಾಳಿ ಬೀಸಬೇಕು. ಕಂಕುಳು, ಕತ್ತು, ತೊಡೆಸಂದುಗಳಲ್ಲಿ ಒದ್ದೆ ಅರಿವೆ ಇಡಬೇಕು. 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೂ, ದಾರಿಯಲ್ಲಿಯೂ ತಣಿಸುವುದನ್ನು ಮುಂದುವರಿಸಬೇಕು. ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಬಾರದು, ಅದು ಶ್ವಾಸನಾಳಕ್ಕೆ ಹೋಗುತ್ತದೆ. ಜ್ವರದ ಮಾತ್ರೆ ಈ ಕಾವನ್ನು ಇಳಿಸಲಾರದು. ಉಳ್ಳಾಗಡ್ಡಿಯನ್ನು ಕಿಸೆಯಲ್ಲಿಡುವುದು, ಅಂಗಾಲಿಗೆ ತಿಕ್ಕುವುದು ರೂಢಿಯಲ್ಲಿದೆ. ಅದರಿಂದ ಹಾನಿಯೇನಿಲ್ಲ, ಆದರೆ ಅದರಲ್ಲಿ ಕಳೆಯುವ ಹೊತ್ತು ಮಗುವಿಗೆ ಹಾನಿ.

ತುಂಬಿಟ್ಟ ನೀರು, ತಿರುಗುವ ಕೂಲರು

ನಳದ ನೀರು ದಿನಬಿಟ್ಟು ದಿನ ಬರುವ ಊರುಗಳಲ್ಲಿ ಬೇಸಿಗೆಯಲ್ಲಿ ಡ್ರಮ್ಮು, ಬಕೆಟ್, ಹೌದುಗಳು ತುಂಬಿರುತ್ತವೆ. ನಡೆಯಲು ಕಲಿತ ಮಗು ಬಕೆಟಿನೊಳಗೆ ಇಣುಕಿ ತಲೆಕೆಳಗಾದರೆ, ಗೇಣುದ್ದದ ನೀರಿನಲ್ಲಿಯೂ ಸದ್ದಿಲ್ಲದೆ ಮುಳುಗುತ್ತದೆ. ಪ್ರತಿ ಪಾತ್ರೆಗೂ ಭದ್ರವಾದ ಮುಚ್ಚಳ ಬೇಕು. ಬಳಸಿ ಮುಗಿದ ಬಕೆಟನ್ನು ಬೋರಲು ಹಾಕಬೇಕು. ಕುಡಿಯುವ ನೀರಿಗೆ ಕೈ ಅದ್ದದೆ ಹಿಡಿಕೆಯ ಸೌಟಿನಿಂದ ತೆಗೆಯಬೇಕು. ನಮ್ಮ ಒಣ ಹವೆಯಲ್ಲಿ ಕೂಲರು ಚೆನ್ನಾಗಿ ತಣಿಸುತ್ತದೆ, ಆದರೆ ಅದಕ್ಕೆ ಒಂದು ಕಿಟಕಿ ತೆರೆದಿರಬೇಕು. ಕಬ್ಬಿಣದ ಮೈಯ ಕೂಲರಿಗೆ ಭೂಸಂಪರ್ಕದ ತಂತಿ ಇಲ್ಲದಿದ್ದರೆ ಒದ್ದೆ ನೆಲದ ಮೇಲೆ ನಿಂತು ಮುಟ್ಟಿದ ಮಗುವಿಗೆ ವಿದ್ಯುತ್ ಆಘಾತವಾಗಬಹುದು. ಋತುವಿನ ಆರಂಭದಲ್ಲಿಯೇ ಬಲ್ಲವರಿಂದ ಪರೀಕ್ಷಿಸಿಕೊಳ್ಳಬೇಕು. ಕೂಲರಿನ ನೀರನ್ನು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ ತಿಕ್ಕಿ ತೊಳೆಯದಿದ್ದರೆ ಡೆಂಗಿ ಹರಡುವ ಸೊಳ್ಳೆ ಅಲ್ಲಿಯೇ ಬೆಳೆಯುತ್ತದೆ.

ಮನೆಯವರೆಲ್ಲರ ಕಾಯಕ

ಇಷ್ಟನ್ನೂ ತಾಯಿಯೊಬ್ಬಳ ಮೇಲೆ ಹೊರಿಸುವುದು ನ್ಯಾಯವಲ್ಲ. ನಮ್ಮ ಭಾಗದಲ್ಲಿ ತಂದೆ–ತಾಯಿ ಕಲ್ಲಿನ ಗಣಿಗೋ ಹೊಲಕ್ಕೋ ಹೋಗುತ್ತಾರೆ. ಕೆಲವರು ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಗುಳೆ ಹೋಗಿ ಮಕ್ಕಳನ್ನು ಅಜ್ಜ–ಅಜ್ಜಿಯರ ಬಳಿ ಬಿಟ್ಟಿರುತ್ತಾರೆ. ಮಗುವಿಗೆ ಏನು ಕೊಡಬೇಕು, ಏನು ಬಿಡಬೇಕು ಎಂಬ ಮಾತು ಹೆಚ್ಚಾಗಿ ಹಿರಿಯರದೇ ಆಗಿರುತ್ತದೆ. ಆದ್ದರಿಂದ ಈ ಪುಟಗಳನ್ನು ಓದಬಲ್ಲವರು ಓದಲಾರದ ಅಜ್ಜಿಗೆ ಓದಿ ಹೇಳುವುದು ಒಳ್ಳೆಯದು. ಚಾವಣಿಗೆ ಸುಣ್ಣ ಬಳಿಯುವುದು, ಕೂಲರು ತೊಳೆಯುವುದು, ನೀರು ಕುದಿಸಿಡುವುದು ಗಂಡಸರೂ ಮಾಡಬಹುದಾದ ಕೆಲಸಗಳು. ಎರಡು ಪೊಟ್ಟಣ ಓಆರ್‌ಎಸ್, ಒಂದು ಲೀಟರಿನ ಗುರುತಿರುವ ಪಾತ್ರೆ, ಒಂದು ಉಷ್ಣಮಾಪಕ, ಆಶಾ ಕಾರ್ಯಕರ್ತೆಯ ದೂರವಾಣಿ ಸಂಖ್ಯೆ — ಇಷ್ಟು ಯುಗಾದಿಯೊಳಗೆ ಪ್ರತಿ ಮನೆಯಲ್ಲಿ ಕೈಗೆಟುಕುವ ಗೂಡಿನಲ್ಲಿರಲಿ. ಮಧ್ಯರಾತ್ರಿ ಮಗುವಿಗೆ ಭೇದಿ ಆರಂಭವಾದಾಗ ಅವು ಮೊದಲ ವೈದ್ಯನಂತೆ ಒದಗುತ್ತವೆ.